ಬಲಗಾಲು 13, ಎಡಗಾಲು 24

ನಾ ಕಲಬುರಗಿ ಎನ್.ವಿ. ಗ್ರೌಂಡ್‌ದಾಗ ಫುಟ್‌ಬಾಲ್ ಆಡಿ ಬೆಳದಾಂವ, ಪ್ರೊಫೆಷನಲ್ ಏನಲ್ರಿ, ರೈಟ್ ವಿಂಗ್ ಆಡ್ತೀನಿ. ಒಂದೇ ಸೀಸನ್‌ದಾಗ ಬಲಗಾಲಿನ ಹ್ಯಾಮ್‌ಸ್ಟ್ರಿಂಗ್, ಅಂದ್ರ ತೊಡಿ ಹಿಂದಿನ ಸ್ನಾಯು, ಎರಡು ಸಲ ಹರೀತು. ಎರಡೂ ಸಲ ಬಾಲ್ ಹೊಡ್ಯೂವಾಗಲ್ಲ, ಫುಲ್ ಸ್ಪೀಡ್‌ದಾಗ ಓಡೂವಾಗ, ಕಾಲು ಮುಂದ ಚಾಚಿ ಇನ್ನೇನು ನೆಲಕ್ಕ ಇಡಬೇಕು ಅನ್ನೂದ್ರಾಗ ತೊಡಿ ಹಿಂದ ಯಾರೋ ಕಲ್ಲು ಒಗದಂಗಾತು, ಹೊಳ್ಳಿ ನೋಡಿದ್ರ ಯಾರೂ ಇಲ್ಲ. ಆ ಹೊತ್ತಿನ್ಯಾಗ ಸ್ನಾಯು ಹಿಗ್ಗಿಕೋತನೇ ಕಾಲಿಗಿ ಬ್ರೇಕ್ ಹಾಕ್ತಿರ್ತದ, ಹರಿಯೂದು ಹೆಚ್ಚಾಗಿ ಆವಾಗೇ, ಅದೂ ಹೊರಗಿನ ಕಡಿ ಇರೋ ಬೈಸೆಪ್ಸ್ ಫೆಮೋರಿಸ್ ಅನ್ನೂ ಸ್ನಾಯು.

ಮೊದಲ ಸಲ ನಾ ಮಾಡಿದ್ದು ಶುದ್ಧ ಹುಚ್ಚತನ. ಎಣ್ಣಿ ಹಚ್ಚಿ ತಿಕ್ಕಿಸಿಕೊಂಡು, ಹತ್ತು ದಿನಕ್ಕ ನೋವು ಹೋತಂತ ಮ್ಯಾಚಿಗಿ ಇಳದೆ. ಒಮ್ಮೆ ಹರದಿದ್ದು ಮತ್ತ ಹರಿಯೂ ಚಾನ್ಸ್ ಭಾಳ ಅಂತ ಎರಡನೇ ಸಲ ಬಿದ್ದಮ್ಯಾಲ ತಿಳೀತು.

ದೊಡ್ಡ ಕ್ಲಬ್‌ನವರ ಬಲ್ಲಿ ಕಾಲಿನ ಬಲ ಅಳಿಯೂ ಐಸೊಕೈನೆಟಿಕ್ ಮಷಿನ್ ಇರ್ತದ, ಎಡ-ಬಲಕ್ಕ ಫರಕ್ ಎಷ್ಟು, ಮುಂದಿನ ತೊಡಿ ಬಲಕ್ಕ ಹಿಂದಿಂದು ಎಷ್ಟು ಅಂತ ನಂಬರ್ ಕೊಡ್ತದ, ಹಿಂದಿನ ಬಲ ಮುಂದಿಂದರ 0.6 ಪಾಲು ಆದ್ರೂ ಇರ್ಲಿ ಅಂತಾರ. ಅಷ್ಟಿದ್ರೂ ಯುರೋಪಿನ ಕ್ಲಬ್‌ಗಳ ಲೆಕ್ಕದಾಗ 2001-02ಕ್ಕ ಒಟ್ಟು ಗಾಯದಾಗ 12% ಇದ್ದ ಹ್ಯಾಮ್‌ಸ್ಟ್ರಿಂಗ್ 2021-22ಕ್ಕ 24% ಆಗ್ಯದ, ಹಂಗಾಗಿ ಮಷಿನ್ ಇಲ್ಲಂತ ನಾ ಅಳಲಿಲ್ಲ. ಸ್ಟೂಲ್ ಮ್ಯಾಲ ಹಿಮ್ಮಡಿ ಇಟ್ಟು ಅಂಗಾತ ಮಲಗಿ ಒಂದೇ ಕಾಲಿನ ಮ್ಯಾಲ ಸೊಂಟ ಎತ್ತೂದು, ಇಳಸೂದು, ಎಣಸೂದು. ಎಡಗಾಲು 24. ಬಲಗಾಲು 13ಕ್ಕೇ ಗಡಗಡ ನಡಗಲಾಕ ಹತ್ತಿತು. ಎಣಸ್ಲಾಕ ಕುಂತಿದ್ದ ತಮ್ಮ, "ಅಣ್ಣಾ, ಇದು ನೀ ಶೂಟ್ ಹೊಡ್ಯೂ ಕಾಲಲ್ಲೇನು?" ಅಂದ.

ಆಮ್ಯಾಲ ಹ್ಯಾಮ್‌ಸ್ಟ್ರಿಂಗ್ ಗಟ್ಟಿ ಮಾಡೂ ನಾರ್ಡಿಕ್ ಅನ್ನೂ ಎಕ್ಸರ್‌ಸೈಜ್ ಶುರು ಮಾಡ್ದೆ. ಮೊಣಕಾಲ ಕೆಳಗ ಜಮಖಾನ ಮಡಚಿ ಹಾಕಿ, ತಮ್ಮ ಹಿಮ್ಮಡಿ ಒತ್ತಿ ಹಿಡೀತಿದ್ದ, ನಾ ಸೊಂಟ ಮಡಚಲಾರದೆ ಸಾವಕಾಶ ಮುಂದ ಬೀಳೂದು, ತಡ್ಯೂವಷ್ಟು ತಡದು ಕೈ ಊರೂದು. ವಾರಕ್ಕ ಎರಡು ಸಲ, 5ರಂಗ 2 ಸೆಟ್. ಮೊದಲ ವಾರ ಸಂಡಾಸಿಗಿ ಕೂಡ್ಲಾಕ ಆಗ್ಲಿಲ್ಲ, ಖರೇ ಹೇಳ್ತೀನಿ. ಆದ್ರ ನಾರ್ಡಿಕ್‌ದಾಗ ಎರಡೂ ಕಾಲು ಕೂಡಿ ದುಡೀತಾವ, ಸೋತ ಕಾಲು ಗಟ್ಟಿ ಕಾಲಿನ ಹಿಂದ ಅಡಗಿಬಿಡ್ತದ. ಅದಕ್ಕ ನೀರಿನ ಕ್ಯಾನ್ ಹಿಡಕೊಂಡು ಒಂಟಿಗಾಲಿನ ಡೆಡ್‌ಲಿಫ್ಟ್, ಅಂದ್ರ ಒಂದೇ ಕಾಲಿನ ಮ್ಯಾಲ ನಿಂತು ಸೊಂಟದಿಂದ ಬಗ್ಗಿ ಏಳೂದು, ಬಲಕ್ಕ ಒಂದು ಸೆಟ್ ಜಾಸ್ತಿ. ಮುಂಜಾನೆ ಬಿಸಲು ಏರೂಕಿಂತ ಮೊದಲ ಸ್ಪ್ರಿಂಟ್, ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿಕೋತ. ಇದನ್ನ ಬಿಟ್ಟು ಬರೇ ಎಕ್ಸರ್‌ಸೈಜ್ ಮಾಡಿದ್ರ ಉಪಯೋಗ ಇಲ್ಲ ಅಂತ ನನ್ನ ಲೆಕ್ಕ, ಹರದಿದ್ದೇ ಓಡೂವಾಗ ಅಲ್ಲೇನು?

ಹತ್ತು ವಾರಕ್ಕ ಬಲ 22, ಎಡ 25. ಇನ್ನಾ ಪೂರಾ 90 ನಿಮಿಷ ಆಡಿಲ್ಲ, 60ಕ್ಕ ನಾನೇ ಕೈ ಎತ್ತಿ ಹೊರಗ ಬರ್ತೀನಿ.