ಕಜ್ಜಿಗೆ ಮದ್ದು: ಮನೆಮಂದಿಗೆಲ್ಲ ಒಂದೇ ರಾತ್ರಿ

ಚಳ್ಳಕೆರೆ ಕಡೆ ಹಳ್ಳಿಗಳಲ್ಲಿ ನರ್ಸ್ ಆಗಿ ಓಡಾಡುವ ನನಗೆ ಚಳಿ ಬಿತ್ತೆಂದರೆ ಕಜ್ಜಿಯ ಕೆಲಸ ಜಾಸ್ತಿ. ಮಕ್ಕಳು ಒಂದೇ ಕಂಬಳಿಯೊಳಗೆ ಒತ್ತೊತ್ತಾಗಿ ಮಲಗುವ ಕಾಲ ಅದು. "ಸಿಸ್ಟರ್, ರಾತ್ರಿಯೆಲ್ಲ ಕೆರ್ಕೊಂತಾನೆ, ನಿದ್ದೇನೇ ಇಲ್ಲ" ಎಂದು ತಾಯಿ ಮಗನನ್ನು ಕರೆತಂದರೆ ನಾನು ಮೊದಲು ಬೆರಳ ಸಂದಿ ನೋಡುತ್ತೇನೆ. ಆಮೇಲೆ ಮಣಿಕಟ್ಟು, ಕಂಕುಳು, ಉಡಿದಾರ ಕಟ್ಟುವ ಸೊಂಟ. ಸಣ್ಣ ಗುಳ್ಳೆ, ಕೆರೆದ ಗಾಯ, ಕೆಲವೊಮ್ಮೆ ಕೂದಲೆಳೆಯಂಥ ಗೆರೆ ಕಾಣುತ್ತದೆ. ಕಜ್ಜಿ ತರುವ ಹೆಣ್ಣು ಹುಳು ಚರ್ಮ ಕೊರೆದುಕೊಂಡು ಹೋದ ದಾರಿ ಅದು. ಅಲ್ಲೇ ದಿನಕ್ಕೆ 2-3 ಮೊಟ್ಟೆ ಇಡುತ್ತದೆ.

ಮನೆಯಲ್ಲಿ ಬೇರೆ ಯಾರಿಗೂ ತುರಿಕೆ ಇಲ್ಲ ಎಂದರೂ ನಾನು ಸುಮ್ಮನಾಗುವುದಿಲ್ಲ. ಮೊದಲ ಸಲ ಹುಳು ಹತ್ತಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಹಿಡಿಯುತ್ತದೆ. ಅಷ್ಟರೊಳಗೆ ಅವರಿಂದ ಇನ್ನೊಬ್ಬರಿಗೆ ದಾಟಿರುತ್ತದೆ. ಮಗುವಿಗೊಂದೇ ಹಚ್ಚಿದರೆ ಪಕ್ಕದಲ್ಲಿ ಮಲಗುವ ಅಜ್ಜಿಯಿಂದ ಮತ್ತೆ ಬರುತ್ತದೆ. ತುರಿಕೆ ಇರಲಿ ಬಿಡಲಿ, ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಲೇಬೇಕು. ಈ ಒಂದು ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ.

ಡಾಕ್ಟರ್ ಸಾಮಾನ್ಯವಾಗಿ ಬರೆದುಕೊಡುವುದು ಹುಳು ಕೊಲ್ಲುವ 5% ಪರ್ಮೆಥ್ರಿನ್ ಮುಲಾಮು. ಗುಳ್ಳೆ ಇದ್ದಲ್ಲಿ ಮಾತ್ರ ಸವರಿದರೆ ಸಾಲದು. ಕತ್ತಿನಿಂದ ಅಂಗಾಲಿನವರೆಗೆ, ಬೆರಳ ಸಂದಿ, ಹೊಕ್ಕಳು, ತೊಡೆ ಸಂದಿ, ಉಗುರಿನ ಅಡಿ ಒಂದನ್ನೂ ಬಿಡಬಾರದು. ಉಗುರು ಮೊದಲೇ ಕತ್ತರಿಸಿರಬೇಕು. 8ರಿಂದ 14 ಗಂಟೆ ಮೈಮೇಲೆ ಇದ್ದು, ಬೆಳಿಗ್ಗೆ ಸ್ನಾನ. 7 ದಿನ ಬಿಟ್ಟು ಇನ್ನೊಮ್ಮೆ. ಎಳೆ ಕೂಸು, ಬಸುರಿ ಇದ್ದರೆ ಡಾಕ್ಟರ್ ಹತ್ತಿರ ತೋರಿಸದೆ ಏನೂ ಹಚ್ಚಬೇಡಿ. ಕಜ್ಜಿಗೆ ನುಂಗಲು ಕೊಡುವ ಐವರ್ಮೆಕ್ಟಿನ್ ಮಾತ್ರೆಯನ್ನು ಬಸುರಿಗೂ 15 ಕೆಜಿಗಿಂತ ಕಡಿಮೆ ತೂಕದ ಮಗುವಿಗೂ ಕೊಡುವುದಿಲ್ಲ.

ಎಡವಟ್ಟಾಗುವುದು ಕೈಯಲ್ಲಿ. ಹೆಂಗಸರು ಸಂಜೆಯೇ ಹಚ್ಚಿಕೊಂಡು, ಆಮೇಲೆ ಮುದ್ದೆ ತಿರುವಿ, ಪಾತ್ರೆ ತಿಕ್ಕಿ ಕೈ ತೊಳೆಯುತ್ತಾರೆ. ಮುಲಾಮೆಲ್ಲ ನೀರುಪಾಲು. ಹುಳು ಜಾಸ್ತಿ ಸೇರುವುದೇ ಬೆರಳ ಸಂದಿಯಲ್ಲಿ, ಅಲ್ವಾ? "ಅಮ್ಮಾ, ಊಟ, ಮುಸುರೆ ಎಲ್ಲಾ ಮುಗಿಸಿ ಮಲಗೋ ಹೊತ್ತಿಗೆ ಹಚ್ಕೋ. ಕೈ ತೊಳೆದ್ರೆ ಕೈಗೆ ಮತ್ತೆ ಹಚ್ಕೋ" ಎಂದು ಮನೆಮನೆಯಲ್ಲೂ ಹೇಳುತ್ತೇನೆ.

ಇನ್ನು ಬಟ್ಟೆ. ಹಿಂದಿನ 3 ದಿನ ಉಟ್ಟ, ಹೊದ್ದ ಬಟ್ಟೆಯನ್ನೆಲ್ಲ ಕುದಿಯುವ ನೀರಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಬೇಕು. ಕಂಬಳಿಗೆ ಹೆಸರಾದ ಸೀಮೆ ನಮ್ಮದು. ಆದರೆ ಕುರಿ ಉಣ್ಣೆಯ ಕಂಬಳಿಯನ್ನು ಕುದಿಸಲು ಆಗುತ್ತದೆಯೇ? ಅದನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಒಂದು ವಾರ ಮೂಲೆಗಿಡಿಸುತ್ತೇನೆ. ಮೈ ಬಿಟ್ಟ ಹುಳು 2-3 ದಿನಕ್ಕಿಂತ ಜಾಸ್ತಿ ಬದುಕದು. ಕಂಬಳಿ ಸುಡುವುದೂ ಬೇಡ, ಎಸೆಯುವುದೂ ಬೇಡ.

ಬೇವಿನ ಸೊಪ್ಪಿನ ನೀರು ಹುಯ್ದುಕೊಳ್ಳುವವರನ್ನು ನಾನು ತಡೆಯುವುದಿಲ್ಲ, ಅದನ್ನೇ ನಂಬಿ ಕೂರಬೇಡಿ ಎನ್ನುತ್ತೇನೆ ಅಷ್ಟೇ. ಸಿಟ್ಟು ಬರುವುದು ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಮುಲಾಮಿನ ಮೇಲೆ. ತುರಿಕೆ ಕಡಿಮೆಯಾದಂತೆ ಅನಿಸುತ್ತದೆ, ಹುಳು ಒಳಗೇ ಬೆಳೆಯುತ್ತಿರುತ್ತದೆ.

ಮದ್ದು ಹಚ್ಚಿದ ಮೇಲೂ 2ರಿಂದ 4 ವಾರ ತುರಿಕೆ ಇರಬಹುದು. ಸತ್ತ ಹುಳುವಿಗೂ ಅದರ ಹೊಲಸಿಗೂ ಮೈ ತೋರಿಸುವ ಸಿಟ್ಟು ಅದು. ಹೆದರಿ ದಿನಾ ಹಚ್ಚಬೇಡಿ. ಆದರೆ ಕೆರೆದ ಗಾಯದಲ್ಲಿ ಕೀವು ತುಂಬಿದರೆ, ಮುಖ ಊದಿದರೆ, ಮೂತ್ರ ಕೆಂಪಾದರೆ ಆ ದಿನವೇ ಆಸ್ಪತ್ರೆಗೆ ಬನ್ನಿ. ಗಾಯದ ಸೋಂಕು ಮಕ್ಕಳ ಮೂತ್ರಪಿಂಡಕ್ಕೆ ಏಟು ಕೊಡಬಲ್ಲದು.

ಮುಲಾಮು ತೊಳೆದ ದಿನದಿಂದಲೇ ಮಗು ಶಾಲೆಗೆ ಹೋಗಬಹುದು. ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂರಿಸಬೇಡಿ ಎಂದು ಮೇಷ್ಟ್ರಿಗೆ ನಾನೇ ಹೋಗಿ ಹೇಳುತ್ತೇನೆ.