ಮಗೂಗ ಮನೋವೈದ್ಯರು ಗುಳಗಿ ಬರದಾರ, ಈಗ ಏನ್ ಮಾಡೂದು?

ಆಟಿಸಂ, ಎಡಿಎಚ್‌ಡಿ (ಒಂದ ಕಡೆ ಲಕ್ಷ್ಯ ನಿಲ್ಲಲಾರದ, ವಿಪರೀತ ಚಂಚಲತನದ ತ್ರಾಸು) ಇಲ್ಲಾ ಬುದ್ಧಿ ಬೆಳವಣಿಗಿ ನಿಧಾನ ಇದ್ದ ಮಕ್ಕಳಿಗೆ ಡಾಕ್ಟರ್ ಗುಳಗಿ ಬರದ್ರು ಅಂದ್ರ ಮನ್ಯಾಗ ಎರಡ ಪಾರ್ಟಿ ಆಗ್ತಾವ. ಆಯಿ "ಸಣ್ಣ ಕೂಸಿಗೆ ಹುಚ್ಚಿನ ಗುಳಗಿ ಬ್ಯಾಡ್ರಿ" ಅಂತಾಳ, ಅಪ್ಪಗ ಇದರಿಂದ ಮಾತ ಬರಬಹುದು ಅನ್ನೂ ಆಸೆ. ಆಟಿಸಂ ವಾಸಿ ಮಾಡೂ ಗುಳಗಿ ಇಲ್ಲ, ಮಾತ ಬರಸೂ ಗುಳಗಿನೂ ಇಲ್ಲ. ಔಷಧಕ್ಕ ಒಪ್ಪಿಗಿ ಕೊಡೂ ಅಮೆರಿಕಾದ ಸರ್ಕಾರಿ ಸಂಸ್ಥೆ ಎಫ್‌ಡಿಎ, ರಿಸ್ಪೆರಿಡೋನ್‌ಗೆ 2006ರಾಗ, ಅರಿಪಿಪ್ರಜೋಲ್‌ಗೆ 2009ರಾಗ ಒಪ್ಪಿಗಿ ಕೊಟ್ಟಿದ್ದು ಆಟಿಸಂ ಮಕ್ಕಳ ವಿಪರೀತ ಸಿಟ್ಟು, ಹೊಡಿಯೂದು, ತಮಗ ತಾವ ಗಾಯ ಮಾಡ್ಕೊಳ್ಳೂದು, ಇಂಥವಕ್ಕ ಅಷ್ಟ. ಹಿಂಗಾಗಿ ಡಾಕ್ಟರ್‌ನ ಮೊದಲ ಕೇಳ್ರಿ: ಈ ಗುಳಗಿ ಯಾವ ತ್ರಾಸಿಗೆ, ಫರಕ್ ಯಾವಾಗ ಕಾಣ್ಬೇಕು, ಕಾಣ್ಲಿಲ್ಲಂದ್ರ ಮುಂದೇನು?

ಗುಳಗಿ ಚಾಲೂ ಮಾಡೂಕಿಂತ ಮೊದಲ ಒಂದ ನೋಟಬುಕ್ ಇಡ್ರಿ, ಇದು ಭಾಳ ಮುಖ್ಯ. "ಹುಡುಗ ಭಾಳ ಹಠ ಮಾಡ್ತಾನ" ಅಂತ ಬರದ್ರ ಡಾಕ್ಟರ್‌ಗೆ ಏನೂ ತಿಳಿಯೂದಿಲ್ಲ. "ಸಂಜಿ 6, ಮಿಕ್ಸರ್ ಹಚ್ಚಿದ್ವಿ, ತಲಿ ಗ್ವಾಡಿಗೆ ಬಡಕೊಂಡ, 10 ನಿಮಿಷ ಆದಮ್ಯಾಗ ಸುಮ್ಮನಾದ" ಹಿಂಗ ಬರೀರಿ. ಎಷ್ಟಕ್ಕ ಮಲಗಿದ, ಏನ್ ಉಂಡ, ಸಂಡಾಸಕ್ಕ ಹೋದ್ನಿಲ್ಲ, ಅದನ್ನೂ ಬರೀರಿ. ಮಾತ ಬರಲಾರದ ಕೂಸು ಹಲ್ಲ ನೂಸಿದ್ರ, ಕಿವಿ ಸೋರಿದ್ರ, ಸಂಡಾಸ ಕಟ್ಟಿದ್ರ ಬಾಯಿಬಿಟ್ಟು ಹೇಳೂದಿಲ್ಲ, ಬಡಕೊಂಡೇ ಹೇಳತೈತಿ. ಅದಕ್ಕ ಸಿಟ್ಟಿನ ಗುಳಗಿ ಕೊಟ್ರ ಕೂಸಿಗೆ ಅನ್ಯಾಯ ಆಗತೈತಿ, ಮೊದಲ ಇದನ್ನೆಲ್ಲಾ ತೋರಿಸ್ರಿ.

ಎಲ್ಲಿ ತೋರಸೂದು? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲಾದಾಗ ಐತಿ, ಜಿಲ್ಲಾ ಆಸ್ಪತ್ರ್ಯಾಗ ಕೇಳ್ರಿ. ಇನ್ನೊಬ್ಬರ ಅಭಿಪ್ರಾಯ ಬೇಕಂದ್ರ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್ ನಮಗ ಬೆಂಗಳೂರಿನ ನಿಮ್ಹಾನ್ಸ್‌ಕಿಂತ ಸಮೀಪ. ಮನ್ಯಾಗ ಕುಂತ ಕೇಳ್ಬೇಕಂದ್ರ ಟೆಲಿಮಾನಸ್ ಸಹಾಯವಾಣಿ 14416, ಕನ್ನಡದಾಗೂ ಮಾತಾಡ್ತಾರ.

ಗುಳಗಿ ಚಾಲೂ ಮಾಡೂ ಮುಂದ ತೂಕ, ಎತ್ತರ, ಬಿಪಿ, ಖಾಲಿ ಹೊಟ್ಟಿ ಶುಗರ್, ಕೊಲೆಸ್ಟ್ರಾಲ್ ಬರದಿಟ್ಕೊಳ್ರಿ. ರಿಸ್ಪೆರಿಡೋನ್ ತಗೊಳ್ಳೂ ಮಕ್ಕಳಿಗೆ ಹಸಿವು ವಿಪರೀತ ಆಗಿ ತೂಕ ಏರಬಹುದು. ಎರಡ ರೊಟ್ಟಿ ತಿನ್ನೂ ಹುಡುಗ ನಾಕ ತಿನ್ನಾಕತ್ತಿದ್ರ ಖುಷಿ ಪಡೂ ಮೊದಲ ತೂಕ ನೋಡ್ರಿ. ಎಡಿಎಚ್‌ಡಿಗೆ ಕೊಡೂ ಮಿಥೈಲ್‌ಫೆನಿಡೇಟ್‌ದ್ದು ಇದರ ಉಲ್ಟಾ, ಹಸಿವು ಕಡಿಮಿ ಆಗತೈತಿ, ಅದಕ್ಕ ಗುಳಗಿ ಕೊಡೂಕಿಂತ ಮೊದಲ ಹೊಟ್ಟಿ ತುಂಬ ನಾಷ್ಟಾ ಆಗ್ಲಿ. ಈ ಔಷಧ ಎಲ್ಲಾ ಮೆಡಿಕಲ್ ಅಂಗಡ್ಯಾಗ ಸಿಗೂದಿಲ್ಲ, ಕಾನೂನು ಬಿಗಿ ಐತಿ, ಎಲ್ಲಿ ಸಿಗತೈತಿ ಅಂತ ಡಾಕ್ಟರ್‌ನೇ ಕೇಳ್ಕೊಂಡ ಬರ್ರಿ.

ಇನ್ನ ಅಳತಿ. ರಿಸ್ಪೆರಿಡೋನ್ ಔಷಧ ದ್ರವದ್ದೂ ಬರತೈತಿ, ಸಾಮಾನ್ಯ 1 ಎಂಎಲ್‌ನ್ಯಾಗ 1 ಎಂಜಿ. ಸಣ್ಣ ಕೂಸಿಗೆ ಡಾಕ್ಟರ್ 0.25 ಎಂಜಿ ಬರದ್ರ ಅದು ಕಾಲ ಎಂಎಲ್. ಚುಕ್ಕಿ ಜಾಗಾ ತಪ್ಪಿ 2.5 ಎಂಎಲ್ ಹಾಕಿದ್ರ ಹತ್ತ ಪಟ್ಟ ಆಗತೈತಿ! ಮನಿ ಚಮಚ ಬ್ಯಾಡ. ಮೆಡಿಕಲ್‌ನ್ಯಾಗ 1 ಎಂಎಲ್ ಸಿರಿಂಜ್ ತಗೊಂಡು, ಸೂಜಿ ತಗದ ಒಗದು, ಡಾಕ್ಟರ್ ಮುಂದ ಎಳದು ತೋರಿಸಿ, ಅಲ್ಲೇ ಪೆನ್ನಿಲೆ ಗೆರಿ ಹೊಡಿಸ್ಕೊಂಡ ಬರ್ರಿ, ಆಗ ಆಯಿ ಕೊಟ್ರೂ ಅಕ್ಕ ಕೊಟ್ರೂ ಅಳತಿ ಅದ ಇರತೈತಿ. ಗುಳಗಿ ಆದ್ರ ಪುಡಿ ಮಾಡಿ ಮಸರನ್ಯಾಗ ಕಲಸಬಹುದೇನು ಅಂತ ಕೇಳ್ರಿ, ಯಾಕಂದ್ರ ನಿಧಾನ ಬಿಡುಗಡಿ ಆಗೂ ಗುಳಗಿ ಪುಡಿ ಮಾಡಬಾರ್ದು. ಸಾಲಿ ಟೀಚರ್‌ಗೂ ಹೇಳಿಡ್ರಿ, ಹಗಲಹೊತ್ತ ಕೂಸು ತೂಕಡಸಾಕತ್ತಿದ್ರ ಮೊದಲ ನೋಡೂದು ಅವ್ರೇ.

ಖರ್ಚಿಗೆ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಐತಿ, ವರ್ಷಕ್ಕ 1 ಲಕ್ಷ ರೂಪಾಯಿ ತನಕ. ಆಟಿಸಂ, ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ ಸಿಗತೈತಿ, ಬರೇ ಎಡಿಎಚ್‌ಡಿ ಇದ್ರ ಇಲ್ಲ.

ಆರಾಮ ಆದ ಅಂತ ಗುಳಗಿ ನೀವ ನಿಲ್ಲಸಬ್ಯಾಡ್ರಿ, ಜಾತ್ರಿಗೆ ಊರಿಗೆ ಹೋದಾಗ ತೀರೂದೂ ಹಂಗ, ನಾಕ ದಿನದ್ದು ಜಾಸ್ತಿ ಇಟ್ಕೊಳ್ರಿ. ಎಡಿಎಚ್‌ಡಿಗೂ ಕೊಡೂ ಕ್ಲೋನಿಡಿನ್ ಒಮ್ಮೆಲೇ ಬಿಟ್ರ ಬಿಪಿ ಏರತೈತಿ, ಫಿಟ್ಸಿಗೂ ಕೊಡೂ ವ್ಯಾಲ್ಪ್ರೊಯೇಟ್ ಬಿಟ್ರ ಫಿಟ್ಸ್ ಬರಬಹುದು. ಬಿಡೂದಿದ್ರ ಡಾಕ್ಟರ್ ಹೇಳಿದಂಗ ಸ್ವಲ್ಪ ಸ್ವಲ್ಪ ಇಳಿಸ್ರಿ.

ರಿಸ್ಪೆರಿಡೋನ್‌ನಂಥ ಔಷಧ ತಗೊಳ್ಳೂ ಮಗೂನ ಕುತ್ತಿಗಿ ಸೊಟ್ಟ ತಿರುಗಿ ನಿಂತ್ರ, ಕಣ್ಣಗುಡ್ಡಿ ಮ್ಯಾಲ ಸಿಕ್ಕೊಂಡ್ರ, ಇಲ್ಲಾ ಜ್ವರ ಏರಿ ಮೈ ಕಟ್ಟಗಿಯಾದ್ರ ಗಾಳಿ ಬಡದೈತಿ ಅಂತ ಯಂತ್ರ ಕಟ್ಟಸಾಕ ಹೋಗಬ್ಯಾಡ್ರಿ. ಔಷಧದ ಸ್ಟ್ರಿಪ್ ಇಲ್ಲಾ ಬಾಟಲಿ ಹಿಡ್ಕೊಂಡು ತಕ್ಷಣ ಆಸ್ಪತ್ರಿಗೆ ನಡೀರಿ, ಎಷ್ಟಕ್ಕ, ಎಷ್ಟ ಕೊಟ್ರಿ ಅಂತ ಹೇಳ್ರಿ. ಕುತ್ತಿಗಿ, ಕಣ್ಣ ಸಿಕ್ಕೊಂಡಿದ್ದು ಇಂಜೆಕ್ಷನ್ ಕೊಟ್ರ ಸ್ವಲ್ಪ ಹೊತ್ತಿನ್ಯಾಗ ಬಿಡತೈತಿ, ಜ್ವರದ ಜೋಡಿ ಮೈ ಬಿಗದಿದ್ದು ಅಷ್ಟ ಸಸಾರ ಅಲ್ಲ, ಅಡ್ಮಿಟ್ ಮಾಡಸ್ಬೇಕಾಗತೈತಿ.