ಮೊದಲು ಚೇಂಬರ್ ಮುಚ್ಚಳ ಎತ್ತಿ ನೋಡಿ

ಬಚ್ಚಲಲ್ಲಿ ನೀರು ನಿಂತಿತು ಅಂತ ತಕ್ಷಣ ಮೈಸೂರು ಕಾರ್ಪೊರೇಷನ್‌ನವರನ್ನು ಬೈಯಬೇಡಿ, ಪ್ಲಂಬರ್‌ಗೂ ಫೋನ್ ಮಾಡಬೇಡಿ. ಗೇಟಿನ ಹತ್ತಿರ ಕಾಂಪೌಂಡಿನೊಳಗೆ ಮನೆಯ ಕೊಳೆನೀರೆಲ್ಲ ಬಂದು ಸೇರುವ ಕೊನೆಯ ಚೇಂಬರ್ (ಮುಚ್ಚಳವಿರುವ ತೊಟ್ಟಿ) ಇರುತ್ತದಲ್ಲ, ಅದರ ಮುಚ್ಚಳ ಎತ್ತಿ ನೋಡಿ. ಅರ್ಧ ಜಗಳ ಅಲ್ಲೇ ಬಗೆಹರಿಯುತ್ತದೆ.

ಚೇಂಬರ್ ಖಾಲಿ ಇದ್ದು ಬಚ್ಚಲಲ್ಲಿ ಮಾತ್ರ ನೀರು ನಿಂತಿದ್ದರೆ ತೊಂದರೆ ಮನೆಯೊಳಗಿನದು. ಹೆಚ್ಚಾಗಿ ಬಚ್ಚಲ ನೆಲದ ಜಾಲರಿ ಕೆಳಗೆ ನೀರು ನಿಲ್ಲುವ ನಹನಿ ಟ್ರ್ಯಾಪ್‌ನಲ್ಲಿ ಕೂದಲು, ಶಾಂಪೂ ಚೀಟಿ ಸಿಕ್ಕಿರುತ್ತವೆ. ಚೇಂಬರ್ ತುಂಬಿದ್ದರೆ ಪಕ್ಕದ ಮನೆಯವರನ್ನು ಕೇಳಿ. ಅವರದ್ದು ಸಲೀಸಾಗಿ ಹರಿಯುತ್ತಿದ್ದರೆ ನಿಮ್ಮ ಚೇಂಬರಿನಿಂದ ಬೀದಿಗೆ ಹೋಗುವ ಪೈಪು ಕಟ್ಟಿರುವ ಸಾಧ್ಯತೆ ಜಾಸ್ತಿ. ಅವರದ್ದೂ ತುಂಬಿದ್ದರೆ ಬೀದಿಯ ಯುಜಿಡಿ (ಒಳಚರಂಡಿ) ಲೈನೇ ಕಟ್ಟಿದೆ ಅನ್ನಿ. ಬೀದಿಯ ಮ್ಯಾನ್‌ಹೋಲನ್ನು ಮಾತ್ರ ನೀವೇ ತೆರೆಯಲು ಹೋಗಬೇಡಿ.

ಈಗ ಯಾರು ಸರಿ ಮಾಡಿಸಬೇಕು ಅನ್ನುವುದು. ಬೀದಿಯ ಲೈನು, ಮ್ಯಾನ್‌ಹೋಲು ಪಾಲಿಕೆಯದ್ದು. ಮನೆಯೊಳಗಿನ ಪೈಪು, ಚೇಂಬರು, ಅಲ್ಲಿಂದ ಬೀದಿಗೆ ಸೇರಿಸುವ ಪೈಪು ಮನೆಯವರ ತಲೆಗೆ. ರಸ್ತೆ ಅಗೆಯಬೇಕಾದರೆ ವಲಯ ಕಚೇರಿಯಲ್ಲಿ ಅನುಮತಿ ತಗೊಳ್ಳಿ. ರಾತ್ರೋರಾತ್ರಿ ಅಗೆದು ಮಣ್ಣು ಮುಚ್ಚಿದರೆ ಮುಂದಿನ ಮಳೆಗೆ ಗುಂಡಿ ಬಿದ್ದು ನಿಮ್ಮ ಗುಟ್ಟು ಬಯಲಾಗುತ್ತದೆ. ಹೊರವಲಯದ ಖಾಸಗಿ ಬಡಾವಣೆಗಳ ಕಥೆಯೇ ಬೇರೆ. ಬಡಾವಣೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗುವವರೆಗೆ ಬಡಾವಣೆ ಮಾಡಿದವರನ್ನೇ ಹಿಡಿಯಬೇಕು. ಅದಕ್ಕೇ ಸೈಟು ತಗೊಳ್ಳುವಾಗ ರಸ್ತೆ, ದೀಪ ನೋಡುವ ಹಾಗೆ ಯುಜಿಡಿ ಎಲ್ಲಿಗೆ ಸೇರುತ್ತದೆ ಅಂತಲೂ ಕೇಳಿ.

ಮೈಸೂರು ನಗರದ ಹಳೇ ಭಾಗದಲ್ಲಿ ಇನ್ನೊಂದು ತೊಡಕಿದೆ. 1903ರಲ್ಲಿ ನಗರ ಸುಧಾರಣಾ ಮಂಡಳಿ ಬಂದ ಮೇಲೆ ಇಲ್ಲಿ ಬಡಾವಣೆಗಳನ್ನು ಯೋಜನೆ ಹಾಕಿ ಕಟ್ಟಿದರು. ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿವೆ, ಅಂದರೆ ಸ್ವಚ್ಛತೆ ಕೆಲಸಕ್ಕೆಂದು ಬಿಟ್ಟ ಕಿರುದಾರಿಗಳು. ಎಷ್ಟೋ ಕಡೆ ಚರಂಡಿ ಲೈನು ಅಲ್ಲೇ ಹೋಗಿದೆ. ಆ ಗಲ್ಲಿಯನ್ನು ಒಬ್ಬರು ಶೆಡ್ ಮಾಡಿಕೊಂಡಿರುತ್ತಾರೆ, ಇನ್ನೊಬ್ಬರು ಹಳೇ ಬಾಗಿಲು, ಮುರಿದ ಕುರ್ಚಿ ಒಟ್ಟಿರುತ್ತಾರೆ. ಜೋರಾಗಿ ನೀರು ಹಾಯಿಸಿ ಲೈನು ಬಿಡಿಸುವ ಜೆಟ್ಟಿಂಗ್ ಯಂತ್ರದ ಪೈಪು ಒಳಗೆ ಹೋಗಲು ಜಾಗವೇ ಇರೋದಿಲ್ಲ. ಆಮೇಲೆ "ಯಾರೂ ಬರೋದಿಲ್ಲ" ಅಂತ ದೂರು! ಬರೋದು ಹೇಗೆ, ಹೇಳಿ?

ಬಾಡಿಗೆಗೆ ಇರುವವರದ್ದೂ ಒಂದು ಮಾತು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಚರಂಡಿ ಸ್ವಚ್ಛ ಮಾಡಿಸುವುದು ಬಾಡಿಗೆದಾರರದ್ದು, ಪೈಪು ಬದಲಿಸುವುದು ಮಾಲೀಕರದ್ದು ಅಂತ ಹಂಚಿದ್ದಾರೆ. ನನಗೆ ಇದು ನ್ಯಾಯವಾಗೇ ಕಾಣುತ್ತದೆ. ಕರಾರು ಪತ್ರದಲ್ಲೇ ಬರೆಸಿಬಿಡಿ, ಮುಲಾಜು ಬೇಡ.

ಇನ್ನು ಅಡುಗೆಮನೆ. ಮುಕ್ಕಾಲು ಪಾಲು ಕಾಟ ಹುಟ್ಟುವುದು ಇಲ್ಲೇ ಕಣ್ರೀ. ಬೋಂಡಾ ಕರಿದು ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಬಿಸಿಯಿದ್ದಾಗ ಹರಿದು ಹೋಗುತ್ತದೆ, ಮುಂದೆ ತಣ್ಣಗಾದಾಗ ಪೈಪಿನ ಗೋಡೆಗೆ ಜಿಡ್ಡಾಗಿ ಅಂಟುತ್ತದೆ. ಅದರ ಮೇಲೆ ಅನ್ನದ ಅಗುಳು, ಮುದ್ದೆ ಪಾತ್ರೆಯ ಅಂಟು, ತಿಕ್ಕಿದ ತೆಂಗಿನ ನಾರು ಕೂತರೆ ಮುಗಿಯಿತು. ಬಾಣಲೆಯನ್ನು ಹಳೇ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಸಿಂಕಿಗೊಂದು ಜಾಲರಿ ಹಾಕಿ. ಕಟ್ಟಿಕೊಂಡ ಮೇಲೆ ಆಸಿಡ್ ಸುರಿಯುವವರಿದ್ದಾರೆ. ಜಿಡ್ಡಿಗೆ ಅದರಿಂದ ಏನೂ ಆಗೋದಿಲ್ಲ. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಕುತ್ತು.

ಬಳಸದ ಬಚ್ಚಲಿನಿಂದ ಬರೀ ವಾಸನೆ ಬರುತ್ತಿದ್ದರೆ ಹೆದರಬೇಡಿ. ಟ್ರ್ಯಾಪ್‌ನಲ್ಲಿ ನಿಂತಿರುವ ನೀರೇ ಒಳಚರಂಡಿಯ ಗಾಳಿಯನ್ನು ತಡೆಯುವುದು. ಅದು ಒಣಗಿರುತ್ತದೆ. ಒಂದು ಚೊಂಬು ನೀರು ಹಾಕಿ, ಸಾಕು.

ತಾರಸಿಯ ಮಳೆ ನೀರನ್ನು ಯುಜಿಡಿಗೆ ಬಿಡಲೇಬೇಡಿ. ಆ ಲೈನು ಮಳೆಗೆಂದು ಹಾಕಿದ್ದಲ್ಲ. ಜೋರು ಮಳೆ ಹೊಡೆದಾಗ ತಗ್ಗಿನ ಮನೆಯವರ ಬಚ್ಚಲಲ್ಲಿ ಬೀದಿಯ ಕೊಳೆಯೆಲ್ಲ ಮೇಲೆ ಉಕ್ಕುತ್ತದೆ. ಮಳೆ ನೀರು ಹಿಡಿದು ಬಳಸಿ, ಇಲ್ಲವೇ ಮಳೆ ಚರಂಡಿಗೆ ಬಿಡಿ.

ಒಂದು ವಿಷಯದಲ್ಲಿ ನಾನು ಬಹಳ ಗಟ್ಟಿ. ಎಷ್ಟೇ ಅವಸರವಿರಲಿ, ಮ್ಯಾನ್‌ಹೋಲ್‌ಗಾಗಲಿ ಗುಂಡಿಗಾಗಲಿ ಮನುಷ್ಯರನ್ನು ಇಳಿಸಬೇಡಿ. ಒಳಗಿನ ವಿಷಗಾಳಿ ನಿಮಿಷದಲ್ಲಿ ಪ್ರಾಣ ತೆಗೆಯುತ್ತದೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಇಳಿಸಿದವರಿಗೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. "ಇನ್ನೂರು ಜಾಸ್ತಿ ಕೊಡ್ತೀನಿ, ಇಳಿಯಪ್ಪ" ಅನ್ನುವವರು ಇದನ್ನು ತಿಳಿದಿರಲಿ. ಯಂತ್ರ ಬರುವವರೆಗೆ ನೀರು ಕಮ್ಮಿ ಬಳಸಿ.

ಹೊಸದಾಗಿ ಪೈಪು ಹಾಕಿಸುವವರು ನಾಲ್ಕಿಂಚಿನ ಪೈಪಿಗೆ 40 ಅಡಿಗೆ 1 ಅಡಿಯಷ್ಟು ಇಳಿಜಾರು ಕೊಡಿಸಿ, ತಿರುವು ಇದ್ದ ಕಡೆಯೆಲ್ಲ ಚೇಂಬರ್ ಇಡಿಸಿ. ಮುಚ್ಚಳದ ಮೇಲೆ ಟೈಲ್ಸ್ ಹಾಕಿ ಮುಚ್ಚಿಸಬೇಡಿ, ಅಂದಕ್ಕೆ ಅಂತ ಹಾಗೆ ಮಾಡಿಸುತ್ತಾರೆ. ಮಣ್ಣು ಮುಚ್ಚುವ ಮೊದಲು ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದು ಮನೆ ಪತ್ರಗಳ ಜೊತೆ ಒಂದು ಪ್ರತಿ ಇಟ್ಟುಕೊಳ್ಳಿ.